ಮೊಲದ ಬಾಯೊಳಗಿನ ಕಾಣದ ನೋವು



ಈ ಪುಟದಲ್ಲಿ ಎತ್ತು, ಎಮ್ಮೆ, ಕುರಿ, ಕೋಳಿಗಳ ವಿಷಯ ಬರೆಯುವುದು ರೂಢಿ. ಈ ಸಲ ಸಾಕು ಮೊಲದ ವಿಷಯವನ್ನು ಎತ್ತಿಕೊಂಡಿದ್ದೇವೆ. ನಾರಾಯಣಪೇಟೆ, ಮಕ್ತಲ್, ಗದ್ವಾಲ್ ಕಡೆಯ ಮನೆಗಳಲ್ಲಿ ಮಕ್ಕಳ ಆಸೆಗೆಂದು ಒಂದು ಜೋಡಿ ಮೊಲ ತಂದು, ಅಂಗಳದಲ್ಲಿ ತಂತಿಯ ಗೂಡು ಮಾಡಿ ಸಾಕುವವರು ಇದ್ದಾರೆ. ಹೀಗೆ ಸಾಕಿದವರಿಂದ ಒಂದು ಮಾತನ್ನು ಮತ್ತೆ ಮತ್ತೆ ಕೇಳುತ್ತೇವೆ: “ನಿನ್ನೆವರೆಗೂ ಚೆಂದ ಇತ್ತು ಫಾದರ್, ಮುಂಜಾನೆ ನೋಡಿದರೆ ಸತ್ತು ಬಿದ್ದಿತ್ತು.” ಕೆಲವರು ದೃಷ್ಟಿ ಎನ್ನುತ್ತಾರೆ, ಕೆಲವರು ಹಾವು ಮುಟ್ಟಿತು ಎನ್ನುತ್ತಾರೆ, ಕೆಲವರು ಮೊಲದ ಆಯುಷ್ಯವೇ ಅಷ್ಟು ಎಂದು ಸುಮ್ಮನಾಗುತ್ತಾರೆ.

ಮೊಲದ ಆಯುಷ್ಯ ಅಷ್ಟು ಕಡಿಮೆಯದಲ್ಲ. ಸರಿಯಾಗಿ ಸಾಕಿದರೆ ಎಂಟು-ಹತ್ತು ವರ್ಷ ಬದುಕುತ್ತದೆ. ಹಠಾತ್ ಸಾವಿಗೆ ಕಾರಣ ಹಲವು ಇರಬಹುದು. ಆದರೆ ಮೊಲ ಮೇವು ಬಿಟ್ಟಿತು ಎಂದೊಡನೆ ಪಶುವೈದ್ಯರು ಅನುಮಾನಿಸುವ ಕಾರಣಗಳಲ್ಲಿ ಒಂದು ಮನೆಯವರ ಮನಸ್ಸಿಗೆ ಬರುವುದೇ ಇಲ್ಲ. ಅದು ಹಲ್ಲು.

ಮೊಲ ಬೇಟೆಗೆ ಒಳಗಾಗುವ ಪ್ರಾಣಿ. ನರಳಿದರೆ, ಕುಂಟಿದರೆ, ಅದರ ಮೇಲೆ ನರಿಯ ಕಣ್ಣು ಬೀಳುತ್ತದೆ. ಆದ್ದರಿಂದ ನೋವನ್ನು ಅಡಗಿಸಿಕೊಳ್ಳುವುದು ಅದರ ಹುಟ್ಟುಗುಣ. ನಾಯಿ ಕುಂಯಿಗುಟ್ಟುತ್ತದೆ, ದನ ಅಂಬಾ ಎನ್ನುತ್ತದೆ. ಮೊಲ ಮೂಲೆಯಲ್ಲಿ ಸುಮ್ಮನೆ ಕೂರುತ್ತದೆ. ನಿನ್ನೆವರೆಗೂ ಚೆಂದ ಇತ್ತು ಎನ್ನುವ ಮೊಲ ಎಷ್ಟೋ ಸಲ ವಾರಗಟ್ಟಲೆ ಬಾಯಿನೋವಿನಲ್ಲೇ ಬದುಕಿರುತ್ತದೆ. ಆ ನೋವನ್ನು ಮೊದಲೇ ಗುರುತಿಸುವುದು ಹೇಗೆ, ಗುರುತಿಸಿದ ಮೇಲೆ ಏನು ಮಾಡಬೇಕು ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಬೀಸುಕಲ್ಲಿನಂಥ ಬಾಯಿ

ದೊಡ್ಡ ಮೊಲಕ್ಕೆ ಒಟ್ಟು 28 ಹಲ್ಲು. ನಮಗೆ ಕಾಣುವುದು ಮುಂದಿನ ಬಾಚಿಹಲ್ಲು ಮಾತ್ರ. ಕೆಳಗೆ ಎರಡು, ಮೇಲೆ ಎರಡು. ಮೇಲಿನ ಎರಡರ ಹಿಂದೆ ಮೊಳೆಯಂಥ ಇನ್ನೆರಡು ಸಣ್ಣ ಹಲ್ಲು ಅಡಗಿರುತ್ತವೆ. ಇಲಿ, ಹೆಗ್ಗಣಗಳಿಗೆ ಈ ಎರಡು ಸಣ್ಣ ಹಲ್ಲು ಇಲ್ಲ. ಮೊಲವನ್ನು ಇಲಿಯ ಜಾತಿಗೆ ಸೇರಿಸಬಾರದು ಎಂದು ಪ್ರಾಣಿಶಾಸ್ತ್ರಜ್ಞರು 1912ರಲ್ಲಿ ಅದಕ್ಕೆ ಬೇರೆಯೇ ವರ್ಗ ಮಾಡಿದರು. ಕೋರೆಹಲ್ಲು ಮೊಲಕ್ಕೆ ಇಲ್ಲವೇ ಇಲ್ಲ. ಉಳಿದ 22 ದವಡೆಹಲ್ಲುಗಳು ಕೆನ್ನೆಯ ಒಳಗೆ ಇರುತ್ತವೆ: ಮೇಲೆ ಒಂದೊಂದು ಬದಿಗೆ ಆರು, ಕೆಳಗೆ ಒಂದೊಂದು ಬದಿಗೆ ಐದು. ಮೊಲದ ಬಾಯಿ ತೀರ ಕಿರಿದು, ಕೆನ್ನೆ ಒಳಕ್ಕೆ ಮಡಚಿಕೊಂಡಿರುತ್ತದೆ. ಹಾಗಾಗಿ ಈ 22 ಹಲ್ಲುಗಳನ್ನು ಮನೆಯಲ್ಲಿ ಯಾರೂ ನೋಡಲಾರರು.

ನಮ್ಮ ಹಲ್ಲು ಒಮ್ಮೆ ಬೆಳೆದು ನಿಲ್ಲುತ್ತದೆ. ಮೊಲದ ಎಲ್ಲ ಹಲ್ಲುಗಳೂ ಸಾಯುವವರೆಗೆ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2ರಿಂದ 3 ಮಿಲಿಮೀಟರ್ ಬೆಳೆಯುತ್ತದೆ. ಸವೆಯದೆ ಹೋದರೆ ವರ್ಷಕ್ಕೆ 10 ಸೆಂಟಿಮೀಟರಿಗೂ ಹೆಚ್ಚು. ದವಡೆಹಲ್ಲಿನ ಬೆಳವಣಿಗೆ ಇದಕ್ಕಿಂತ ನಿಧಾನ, ಆದರೆ ನಿಲ್ಲುವುದಿಲ್ಲ.

ಹಾಗಾದರೆ ಕಾಡಿನ ಮೊಲಕ್ಕೆ ಹಲ್ಲು ಕತ್ತರಿಸುವವರು ಯಾರು? ಹುಲ್ಲೇ ಕತ್ತರಿಸುತ್ತದೆ. ಹುಲ್ಲಿನಲ್ಲಿ ಮರಳಿನ ಗುಣದ ಸಿಲಿಕಾ ಎಂಬ ಗಟ್ಟಿ ಅಂಶವಿದೆ. ಹುಲ್ಲನ್ನು ಮೆಲ್ಲುವಾಗ ಮೊಲದ ಕೆಳದವಡೆ ಎಡಕ್ಕೂ ಬಲಕ್ಕೂ ತಿರುಗುತ್ತದೆ, ನಿಮಿಷಕ್ಕೆ ನೂರಕ್ಕೂ ಹೆಚ್ಚು ಸಲ. ನಮ್ಮ ಅಜ್ಜಿಯರು ಜೋಳ ಬೀಸುತ್ತಿದ್ದ ಬೀಸುಕಲ್ಲನ್ನು ನೆನಪಿಸಿಕೊಳ್ಳಿ. ಮೇಲಿನ ಕಲ್ಲು, ಕೆಳಗಿನ ಕಲ್ಲು ಒಂದನ್ನೊಂದು ಸವೆಸುತ್ತ ಸಮವಾಗಿರುತ್ತವೆ. ಮೊಲದ ಬಾಯಿ ಹಾಗೆಯೇ. ಬೀಸುವ ಕೆಲಸ ನಿಂತರೆ ಹಲ್ಲು ಬೆಳೆಯುವುದು ಮಾತ್ರ ಉಳಿಯುತ್ತದೆ.

ಕೆಡುವುದು ಹೇಗೆ

ಸಾಕಿದ ಮೊಲಕ್ಕೆ ನಾವು ಕೊಡುವುದೇನು? ಗಜ್ಜರಿ, ಬಿಸ್ಕೀಟು, ಮಂಡಕ್ಕಿ, ನೆನೆಸಿದ ಕಡಲೆ, ಅನ್ನ, ರೊಟ್ಟಿಯ ಚೂರು. ಇವೆಲ್ಲ ನಾಲ್ಕು ಅಗಿತಕ್ಕೆ ಮುಗಿಯುತ್ತವೆ. ಇಂಥ ತಿನಿಸನ್ನು ಮೊಲ ಮೇಲೆ-ಕೆಳಗೆ ಜಜ್ಜಿ ನುಂಗುತ್ತದೆಯೇ ಹೊರತು ಅಡ್ಡಲಾಗಿ ಬೀಸುವುದಿಲ್ಲ. ಹೊಟ್ಟೆ ತುಂಬುತ್ತದೆ, ಹಲ್ಲು ಸವೆಯುವುದಿಲ್ಲ. ಹಲ್ಲಿದ್ದವನಿಗೆ ಕಡಲೆ ಇಲ್ಲ, ಕಡಲೆ ಇದ್ದವನಿಗೆ ಹಲ್ಲಿಲ್ಲ ಎಂಬ ಗಾದೆ ನಮ್ಮಲ್ಲಿದೆ. ಮೊಲದ ಪಾಲಿಗೆ ಕಡಲೆಯೂ ಇದೆ, ಹಲ್ಲೂ ಇದೆ, ಇಲ್ಲದ್ದು ಹುಲ್ಲು.

ಸವೆಯದ ದವಡೆಹಲ್ಲು ಮುಳ್ಳಿನಂತೆ ಚೂಪಾಗುತ್ತದೆ. ಕೆಳಗಿನ ಹಲ್ಲಿನ ಮುಳ್ಳು ಒಳಕ್ಕೆ ಬಾಗಿ ನಾಲಗೆಯನ್ನು ಕೊಯ್ಯುತ್ತದೆ. ಮೇಲಿನ ಹಲ್ಲಿನ ಮುಳ್ಳು ಹೊರಕ್ಕೆ ಬಾಗಿ ಕೆನ್ನೆಯನ್ನು ಚುಚ್ಚುತ್ತದೆ. ಮುಂದಕ್ಕೆ ಬೆಳೆಯಲು ಜಾಗವಿಲ್ಲದಾಗ ಹಲ್ಲಿನ ಬುಡ ಹಿಂದಕ್ಕೆ, ಮೂಳೆಯೊಳಕ್ಕೆ ಒತ್ತುತ್ತದೆ. ಕೆಳದವಡೆಯಲ್ಲಾದರೆ ಅಂಚಿನಲ್ಲಿ ಗಂಟು ಕೈಗೆ ಸಿಗುತ್ತದೆ. ಮೇಲ್ದವಡೆಯಲ್ಲಾದರೆ ಕಣ್ಣೀರಿನ ನಾಳವನ್ನು ಒತ್ತಿ ಕಣ್ಣು ಸೋರುತ್ತದೆ. ಕೊನೆಗೆ ಬುಡದಲ್ಲಿ ಕೀವು ಕಟ್ಟುತ್ತದೆ.

ಕೆಲವು ಮೊಲಗಳಿಗೆ ಹುಟ್ಟಿನಿಂದಲೇ ಮೇಲ್ದವಡೆ ಗಿಡ್ಡವಾಗಿದ್ದು, ಬಾಚಿಹಲ್ಲುಗಳು ಒಂದಕ್ಕೊಂದು ಕೂಡುವುದಿಲ್ಲ. ಇದು ವಂಶದಿಂದ ಬರುವ ದೋಷ. ಮುಖ ಚಪ್ಪಟೆಯಾದ ಕುಳ್ಳ ತಳಿಗಳಲ್ಲಿ ಹೆಚ್ಚು. ಇಂಥ ಮೊಲವನ್ನು ಮರಿ ಮಾಡಿಸಲು ಬಿಡಬಾರದು. ತಂತಿಯನ್ನು ಕಚ್ಚಿ ಎಳೆಯುವುದರಿಂದಲೂ, ಮಕ್ಕಳ ಕೈಯಿಂದ ಬಿದ್ದು ಪೆಟ್ಟಾಗುವುದರಿಂದಲೂ ಬಾಚಿಹಲ್ಲು ಓರೆಯಾಗುವುದುಂಟು.

ಇದರಲ್ಲಿ ಪ್ರಾಣಕ್ಕೆ ಅಪಾಯ ಎಲ್ಲಿದೆ ಎಂದು ನೀವು ಕೇಳಬಹುದು. ಮೊಲದ ಕರುಳು ಸದಾ ನಡೆಯುತ್ತಲೇ ಇರಬೇಕು. ಬಾಯಿನೋವಿನಿಂದ ಅರ್ಧ ದಿನ ಮೇವು ಬಿಟ್ಟರೂ ಕರುಳು ನಿಧಾನವಾಗಿ, ಗಾಳಿ ತುಂಬಿ, ಹೊಟ್ಟೆನೋವು ಕೂಡಿಕೊಳ್ಳುತ್ತದೆ. ಹೊಟ್ಟೆನೋವಿನಿಂದ ಮತ್ತೆ ಮೇವು ಬಿಡುತ್ತದೆ. ಮೊಲಕ್ಕೆ ವಾಂತಿ ಮಾಡುವ ಶಕ್ತಿಯೂ ಇಲ್ಲ. ಹೀಗಾಗಿ ಹನ್ನೆರಡು ಗಂಟೆ ಏನನ್ನೂ ತಿನ್ನದ ಮೊಲವನ್ನು “ನಾಳೆ ನೋಡೋಣ” ಎಂದು ಬಿಡುವಂತಿಲ್ಲ. ಮುಂಜಾನೆ ಸತ್ತು ಬಿದ್ದ ಎಷ್ಟೋ ಮೊಲಗಳ ಕಥೆ ಇದೇ.

ತಟ್ಟೆ, ಹಿಕ್ಕೆ, ತಕ್ಕಡಿ

ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಎಂಬಂತೆ, ಮುಂದಿನ ಹಲ್ಲು ಚೆನ್ನಾಗಿದೆ, ಆದ್ದರಿಂದ ಬಾಯಿಯೂ ಚೆನ್ನಾಗಿದೆ ಎಂದು ಸಾಧಿಸುವವರಿದ್ದಾರೆ. ಮುಂದಿನ ಆರು ಹಲ್ಲು ನೆಟ್ಟಗಿದ್ದೂ ಹಿಂದಿನ 22ರಲ್ಲಿ ನಾಲಗೆ ಕೊಯ್ಯುವ ಮುಳ್ಳು ಇರಬಹುದು. ಬಾಯೊಳಗೆ ನೋಡಲಾಗದ ನಾವು ಬಾಯಿ ಮಾಡುವ ಕೆಲಸವನ್ನು ನೋಡಬೇಕು. ಅದಕ್ಕೆ ಮೂರು ಸಾಧನ ಸಾಕು.

ಮೊದಲನೆಯದು ತಟ್ಟೆ. ಬಾಯಿ ನೋಯುವ ಮೊಲ ಹಸಿವಿನಿಂದ ತಟ್ಟೆಯ ಹತ್ತಿರ ಓಡಿ ಬರುತ್ತದೆ, ಮೇವು ಕಚ್ಚುತ್ತದೆ, ಆಮೇಲೆ ಬೀಳಿಸುತ್ತದೆ. ಮೊದಲು ಒಣಹುಲ್ಲು ಬಿಡುತ್ತದೆ, ನಂತರ ಗಟ್ಟಿ ಕಾಳು ಬಿಡುತ್ತದೆ, ಕೊನೆಗೆ ಮೆತ್ತನೆಯ ಸೊಪ್ಪು, ಹಣ್ಣು ಮಾತ್ರ ತಿನ್ನುತ್ತದೆ. “ನಮ್ಮ ಮೊಲ ಬಹಳ ನಾಜೂಕು, ಹುಲ್ಲು ಮುಟ್ಟುವುದಿಲ್ಲ” ಎಂದು ಹೆಮ್ಮೆಪಡಬೇಡಿ. ಅದು ನಾಜೂಕಲ್ಲ, ನೋವಿರಬಹುದು.

ಎರಡನೆಯದು ಹಿಕ್ಕೆ. ಚೆನ್ನಾಗಿ ಮೇಯುವ ಮೊಲದ ಹಿಕ್ಕೆ ದುಂಡಗೆ, ಒಂದೇ ಗಾತ್ರದಲ್ಲಿ, ಮುರಿದರೆ ಹುಲ್ಲಿನ ನಾರಿನಿಂದ ಕೂಡಿರುತ್ತದೆ. ಹಿಕ್ಕೆ ಸಣ್ಣದಾದರೆ, ಕಪ್ಪಾಗಿ ಗಟ್ಟಿಯಾದರೆ, ಎಣಿಕೆ ಕಡಿಮೆಯಾದರೆ ಎಚ್ಚರಿಕೆ. ಇದಲ್ಲದೆ ಮೊಲ ದ್ರಾಕ್ಷಿಗೊಂಚಲಿನಂಥ ಇನ್ನೊಂದು ಬಗೆಯ ಮೆತ್ತನೆ ಹಿಕ್ಕೆ ಹಾಕಿ ಅದನ್ನು ತಾನೇ ತಿನ್ನುತ್ತದೆ. ಇದು ರೋಗವಲ್ಲ, ಅದರ ಪೋಷಣೆಯ ಕ್ರಮ. ಬಾಯಿ ನೋಯುವ ಮೊಲ ಇದನ್ನು ತಿನ್ನದೆ ಬಿಡುವುದರಿಂದ ಹಿಂಭಾಗಕ್ಕೆ ಮೆತ್ತಿಕೊಳ್ಳುತ್ತದೆ. ಅಲ್ಲಿ ನೊಣ ಮೊಟ್ಟೆಯಿಟ್ಟರೆ ಒಂದೇ ದಿನದಲ್ಲಿ ಹುಳು ಬೀಳಬಹುದು.

ಮೂರನೆಯದು ತಕ್ಕಡಿ. ಮೊಲದ ಮೈಮೇಲಿನ ಉಣ್ಣೆ ಅದರ ಬಡಕಲುತನವನ್ನು ಮುಚ್ಚುತ್ತದೆ. ಆದ್ದರಿಂದ ವಾರಕ್ಕೊಮ್ಮೆ, ಒಂದೇ ದಿನ, ಒಂದೇ ಹೊತ್ತಿಗೆ ಬುಟ್ಟಿಯಲ್ಲಿ ಕೂರಿಸಿ ತೂಗಿ, ಬುಟ್ಟಿಯ ತೂಕ ಕಳೆದು ಕ್ಯಾಲೆಂಡರಿನಲ್ಲಿ ಬರೆದಿಡಿ. 2 ಕಿಲೋ ಮೊಲ 100 ಗ್ರಾಂ ಇಳಿಯಿತೆಂದರೆ 60 ಕಿಲೋ ಮನುಷ್ಯ 3 ಕಿಲೋ ಇಳಿದಂತೆ. ಈ ಕೆಲಸವನ್ನು ಮಕ್ಕಳಿಗೆ ವಹಿಸಿ. ಅವರು ದೊಡ್ಡವರಿಗಿಂತ ಶ್ರದ್ಧೆಯಿಂದ ಮಾಡುತ್ತಾರೆ.

ಕೈಯಿಂದ ನೋಡುವ ಕ್ರಮ

ತೂಗುವ ದಿನವೇ ಐದು ನಿಮಿಷ ಮೈ ಮುಟ್ಟಿ ನೋಡಿ. ಮೊಲವನ್ನು ಕಿವಿ ಹಿಡಿದು ಎತ್ತಬಾರದು. ಒಂದು ಕೈ ಎದೆಯ ಕೆಳಗೆ, ಇನ್ನೊಂದು ಕೈ ಹಿಂಭಾಗದ ಕೆಳಗೆ ಇಟ್ಟು ಎತ್ತಬೇಕು. ಹಿಂಗಾಲಿಗೆ ಆಧಾರವಿಲ್ಲದೆ ಒದ್ದರೆ ಬೆನ್ನುಮೂಳೆ ಮುರಿಯುವ ಅಪಾಯವಿದೆ. ನೆಲದ ಮೇಲೆ ಗೋಣಿಚೀಲ ಹಾಸಿ, ಅದರ ಮೇಲೆ ಕೂರಿಸಿಕೊಂಡು ನೋಡುವುದು ಉತ್ತಮ.

1. ಗದ್ದ ಮತ್ತು ಕುತ್ತಿಗೆಯ ಕೂದಲು ಒದ್ದೆಯಾಗಿದೆಯೇ, ಜೊಲ್ಲಿನಿಂದ ಅಂಟಿಕೊಂಡಿದೆಯೇ?

2. ಮುಂಗಾಲುಗಳ ಒಳಬದಿಯ ಕೂದಲು ಗಂಟುಗಂಟಾಗಿದೆಯೇ? ಮೊಲ ಬಾಯಿ ಒರೆಸಿಕೊಳ್ಳುವುದು ಅಲ್ಲಿಯೇ.

3. ಒಂದು ಕಣ್ಣು ಮಾತ್ರ ಸೋರುತ್ತಿದೆಯೇ? ಧೂಳಿನಿಂದ ಎರಡೂ ಕಣ್ಣು ಸೋರುವುದು ಹೆಚ್ಚು. ಒಂದೇ ಕಣ್ಣು ದಿನಗಟ್ಟಲೆ ಸೋರಿದರೆ ಹಲ್ಲಿನ ಬುಡದ ಮೇಲೆ ಅನುಮಾನವಿರಲಿ.

4. ಎರಡು ಬೆರಳಿನಿಂದ ಕೆಳದವಡೆಯ ಅಂಚನ್ನು ಹಿಂದಿನಿಂದ ಮುಂದಕ್ಕೆ ಸವರಿ. ಎಡ-ಬಲ ಹೋಲಿಸಿ. ಗಂಟು ಸಿಕ್ಕಿತೇ? ಮುಟ್ಟಿದರೆ ಹಿಂದಕ್ಕೆ ಸರಿಯಿತೇ?

5. ತುಟಿ ಮೆಲ್ಲಗೆ ಎತ್ತಿ ಬಾಚಿಹಲ್ಲು ನೋಡಿ. ಮೇಲಿನ ಹಲ್ಲು ಕೆಳಗಿನ ಹಲ್ಲಿನ ಮುಂದೆ ಇರಬೇಕು. ಬಣ್ಣ ಬಿಳಿಯಾಗಿ, ಮೈ ನುಣುಪಾಗಿರಬೇಕು. ಅಡ್ಡಗೆರೆ ಮೂಡಿದ್ದರೆ, ಓರೆಯಾಗಿದ್ದರೆ ಹಿಂದಿನ ಹಲ್ಲುಗಳಲ್ಲೂ ದೋಷವಿರಬಹುದು.

6. ಬಾಯಿಂದ ಕೆಟ್ಟ ವಾಸನೆ ಬರುತ್ತಿದೆಯೇ? ಕೂತಲ್ಲೇ ಹಲ್ಲು ಕಟಕಟ ಕಡಿಯುತ್ತಿದೆಯೇ?

ಇವುಗಳಲ್ಲಿ ಒಂದು ಕಂಡರೂ ವೈದ್ಯರಿಗೆ ತೋರಿಸಬೇಕು.

ನಮ್ಮ ಕಡೆ ಇನ್ನೊಂದು ಗೊಂದಲವಿದೆ. ಏಪ್ರಿಲ್, ಮೇ ತಿಂಗಳಲ್ಲಿ ಬಿಸಿಲು 40 ಡಿಗ್ರಿ ದಾಟುತ್ತದೆ. 30 ಡಿಗ್ರಿ ಮೀರಿದರೇ ಮೊಲಕ್ಕೆ ಸಂಕಟ. ಸೆಕೆಗೂ ಅದು ಮೇವು ಬಿಡುತ್ತದೆ, ಬಾಯಿಯ ಸುತ್ತ ಒದ್ದೆಯಾಗುತ್ತದೆ. ಆಗ ಮೊದಲು ನೆರಳಿಗೆ ತಂದು, ಕಿವಿಗಳನ್ನು ತಣ್ಣನೆಯ ಬಟ್ಟೆಯಿಂದ ಒರೆಸಿ, ನೀರು ಇಡಿ. ಮೇಲುಸಿರು ಬಿಡುತ್ತಿದ್ದರೆ, ಬಳಲಿ ಬಿದ್ದಿದ್ದರೆ ಅದೇ ಕ್ಷಣ ವೈದ್ಯರಲ್ಲಿಗೆ ಒಯ್ಯಬೇಕು. ಬರೀ ಸೆಕೆಯಿಂದ ಮಂಕಾದ ಮೊಲ ತಂಪಾದ ಮೇಲೆ ಸಂಜೆಗೆ ಹುಲ್ಲಿಗೆ ಬಾಯಿ ಹಾಕುತ್ತದೆ. ತಂಪಾದ ಮೇಲೂ ಹುಲ್ಲು ಬಿಟ್ಟು ಮೆತ್ತನೆಯದನ್ನೇ ಹುಡುಕಿದರೆ ಅದನ್ನು ಸೆಕೆ ಎಂದು ತಳ್ಳಿಹಾಕಬೇಡಿ.

ಮನೆಯಲ್ಲಿ ಮಾಡಬಾರದ ಕೆಲಸಗಳು

ಒಂದು, ಉಗುರು ಕತ್ತರಿಸುವ ಸಾಧನದಿಂದ, ಇಕ್ಕಳದಿಂದ ಬಾಚಿಹಲ್ಲು ಕತ್ತರಿಸಬಾರದು. ಹಲ್ಲು ಅಡ್ಡಲಾಗಿ ತುಂಡಾಗುವ ಬದಲು ಉದ್ದಕ್ಕೆ ಸೀಳುತ್ತದೆ. ಸೀಳು ಒಳಗಿನ ಜೀವಭಾಗಕ್ಕೆ ತಾಗಿದರೆ ತಡೆಯಲಾಗದ ನೋವು, ಆಮೇಲೆ ಕೀವು.

ಎರಡು, ಮನೆಯಲ್ಲಿ ಉಳಿದ ಮಾತ್ರೆ, ಔಷಧ ಕೊಡಬಾರದು. ಇದು ಬಹಳ ಮುಖ್ಯ. ಮನುಷ್ಯರಿಗೆ ದಿನನಿತ್ಯ ಕೊಡುವ ಅಮಾಕ್ಸಿಸಿಲಿನ್, ಆಂಪಿಸಿಲಿನ್ ಮುಂತಾದ ಪೆನಿಸಿಲಿನ್ ಜಾತಿಯ ಔಷಧಗಳನ್ನು, ಕ್ಲಿಂಡಾಮೈಸಿನ್, ಲಿಂಕೊಮೈಸಿನ್ ಔಷಧಗಳನ್ನು ಮೊಲಕ್ಕೆ ಬಾಯಿಯ ಮೂಲಕ ಕೊಟ್ಟರೆ ಅದರ ಕರುಳಿನ ಒಳ್ಳೆಯ ಜೀವಾಣುಗಳು ಸತ್ತು, ವಿಷ ಹುಟ್ಟಿಸುವ ಜೀವಾಣುಗಳು ಹೆಚ್ಚಿ, ಮೊಲವೇ ಸಾಯಬಹುದು. ಮೊಲಕ್ಕೆ ಹೊಂದುವ ಬೇರೆ ಔಷಧಗಳಿವೆ. ಅವನ್ನು ವೈದ್ಯರೇ ಆರಿಸಬೇಕು.

ಮೂರು, ದವಡೆಯ ಗಂಟನ್ನು ಬ್ಲೇಡಿನಿಂದ ಕುಯ್ದು ಹಿಂಡಬಾರದು. ದನದ ಕುರುವಿನಂತೆ ಮೊಲದ ಕೀವು ಹರಿದುಹೋಗುವುದಿಲ್ಲ. ಅದು ಗಟ್ಟಿ ಮೊಸರಿನಂತೆ, ದಪ್ಪ ಚೀಲದೊಳಗೆ ಇರುತ್ತದೆ. ಹಿಂಡಿದರೆ ಒಳಗೇ ಹರಡುತ್ತದೆ.

ವೈದ್ಯರಲ್ಲಿ ಏನು ನಡೆಯುತ್ತದೆ

ಪಾಲಮೂರು ಸೀಮೆಯ ಪಶು ಆಸ್ಪತ್ರೆಗಳಲ್ಲಿ ವೈದ್ಯರ ಕೈತುಂಬ ದನ, ಎಮ್ಮೆ, ಕುರಿ, ಮೇಕೆ. ಮೊಲ ತಂದವರು ಅಪರೂಪ. ಆದರೂ ಮೊದಲು ಹತ್ತಿರದ ಪಶುವೈದ್ಯರಿಗೇ ತೋರಿಸಿ. ತೂಕದ ಪಟ್ಟಿ, ಒಂದು ಪೊಟ್ಟಣದಲ್ಲಿ ಆ ದಿನದ ಹಿಕ್ಕೆ ತೆಗೆದುಕೊಂಡು ಹೋಗಿ. ಕಿವಿ ನೋಡುವ ದೀಪದ ಕೊಳವೆಯನ್ನೇ ಬಾಯಿಯ ಬದಿಯಿಂದ ಒಳಗಿಟ್ಟು ದವಡೆಹಲ್ಲು ನೋಡಲು ಸಾಧ್ಯವಿದೆ. ನೋವು ತಗ್ಗಿಸುವ ಚುಚ್ಚುಮದ್ದು, ಚರ್ಮದ ಕೆಳಗೆ ಸಲೈನ್ ನೀರು ಅಲ್ಲೇ ದೊರೆಯಬಹುದು. ಇದರಿಂದ ಪ್ರಾಣ ಉಳಿದು, ಮುಂದಿನ ಚಿಕಿತ್ಸೆಗೆ ಸಮಯ ಸಿಗುತ್ತದೆ.

ಎಚ್ಚರವಿರುವ ಮೊಲದ ಬಾಯಲ್ಲಿ ಎಲ್ಲ ದೋಷವೂ ಕಾಣುವುದಿಲ್ಲ. ಹಲ್ಲಿನ ಹೆಚ್ಚು ಭಾಗ ಮೂಳೆಯೊಳಗೇ ಇರುವುದರಿಂದ ತಲೆಯ ಎಕ್ಸ್-ರೇ ಬೇಕಾಗುತ್ತದೆ. ಅದಕ್ಕೆ ದೊಡ್ಡ ಊರಿಗೆ ಹೋಗಬೇಕಾಗಬಹುದು. ಹೈದರಾಬಾದಿನ ರಾಜೇಂದ್ರನಗರದಲ್ಲಿಯೂ ಕರ್ನಾಟಕದ ಬೀದರಿನಲ್ಲಿಯೂ ಪಶುವೈದ್ಯಕೀಯ ಕಾಲೇಜುಗಳಿವೆ. ಹೊರಡುವ ಮುಂಚೆ ಮೊಲ ನೋಡುವ ವೈದ್ಯರು ಯಾವ ದಿನ ಇರುತ್ತಾರೆ ಎಂದು ವಿಚಾರಿಸಿಕೊಳ್ಳಿ. ಪ್ರಯಾಣ ನಸುಕಿನಲ್ಲಿರಲಿ, ಗಾಳಿಯಾಡುವ ಪೆಟ್ಟಿಗೆಯಲ್ಲಿ ಹುಲ್ಲು ಹಾಕಿರಿ.

ಇಲ್ಲಿ ಒಂದು ಮಾತು. ಮನುಷ್ಯರಿಗೆ ಶಸ್ತ್ರಚಿಕಿತ್ಸೆಗೆ ಮುನ್ನ ಉಪವಾಸ ಇರಿಸುತ್ತಾರೆಂದು ಮೊಲವನ್ನೂ ಹಸಿದಿರಿಸಬೇಡಿ. ಮೊಲ ವಾಂತಿ ಮಾಡುವುದಿಲ್ಲ, ಉಪವಾಸದಿಂದ ಕರುಳು ನಿಲ್ಲುತ್ತದೆ.

ದವಡೆಹಲ್ಲಿನ ಮುಳ್ಳನ್ನು ಅರಿವಳಿಕೆ ಕೊಟ್ಟು, ತಿರುಗುವ ಸಣ್ಣ ಅರದಿಂದ ಸವೆಸುತ್ತಾರೆ. ಹಲ್ಲು ಮತ್ತೆ ಬೆಳೆಯುವುದರಿಂದ ಕೆಲವು ಮೊಲಗಳಿಗೆ ಒಂದೆರಡು ತಿಂಗಳಿಗೊಮ್ಮೆ ಇದೇ ಕೆಲಸ ಬೇಕಾಗುತ್ತದೆ. ಬಾಚಿಹಲ್ಲು ಹುಟ್ಟಿನಿಂದಲೇ ಓರೆಯಾಗಿದ್ದರೆ ಮೂರರಿಂದ ಆರು ವಾರಕ್ಕೊಮ್ಮೆ ಸವೆಸುವ ಬದಲು ಆರನ್ನೂ ಕೀಳಿಸಿಬಿಡುವುದು ಶಾಶ್ವತ ಪರಿಹಾರ. ಬಾಚಿಹಲ್ಲಿಲ್ಲದ ಮೊಲ ತುಟಿಯಿಂದಲೇ ಮೇವು ಎತ್ತಿಕೊಳ್ಳಲು ಕಲಿಯುತ್ತದೆ. ಸೊಪ್ಪನ್ನು ಸಣ್ಣಗೆ ಹೆಚ್ಚಿ ಕೊಟ್ಟರೆ ಸಾಕು. ಕೀವುಗಡ್ಡೆಯಾದರೆ ಚೀಲಸಮೇತ ಕತ್ತರಿಸಿ ತೆಗೆದು, ಕೆಟ್ಟ ಹಲ್ಲನ್ನೂ ಕೀಳಬೇಕು. ಇದು ಕಷ್ಟದ ಚಿಕಿತ್ಸೆ, ಗುಣವಾಗುವ ಭರವಸೆ ಎಲ್ಲ ಸಲ ಇರುವುದಿಲ್ಲ. ಎರಡೂ ಕಡೆ ಮೂಳೆ ಕೊಳೆತಿದ್ದರೆ ನೋವಿಲ್ಲದೆ ಪ್ರಾಣ ಬಿಡಿಸುವುದೇ ಲೇಸೆಂದು ವೈದ್ಯರು ಹೇಳಬಹುದು. ಆಗ ಮಗುವಿಗೆ “ಮೊಲ ಓಡಿಹೋಯಿತು” ಎಂದು ಸುಳ್ಳು ಹೇಳಬೇಡಿ. ನೋವು ಏನೆಂದು ತಿಳಿಸಿ ಹೇಳಿದರೆ ಮಕ್ಕಳು ಅರ್ಥ ಮಾಡಿಕೊಳ್ಳುತ್ತಾರೆ.

ಚಿಕಿತ್ಸೆಯ ನಂತರ ಕೆಲವು ದಿನ ಮೊಲ ತಾನಾಗಿ ತಿನ್ನದಿದ್ದರೆ, ಹೊಟ್ಟೆ ಉಬ್ಬಿಲ್ಲವೆಂದು ವೈದ್ಯರು ಖಚಿತಪಡಿಸಿದ ಮೇಲೆ, ಮೊಲದ ಗುಳಿಗೆ ಆಹಾರವನ್ನು ಬೆಚ್ಚನೆ ನೀರಿನಲ್ಲಿ ನೆನೆಸಿ ಅರೆದು, ಸೂಜಿಯಿಲ್ಲದ ಸಿರಿಂಜಿನಿಂದ ಬಾಯಿಯ ಬದಿಯಲ್ಲಿ ಸ್ವಲ್ಪ ಸ್ವಲ್ಪವೇ ಕೊಡಬೇಕು. ನೇರವಾಗಿ ಗಂಟಲಿಗೆ ಸುರಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಹುಲ್ಲೇ ಮದ್ದು

ಇಷ್ಟೆಲ್ಲ ಓದಿ ಗಾಬರಿಯಾಗಬೇಕಾಗಿಲ್ಲ. ತಡೆಯುವ ದಾರಿ ಸುಲಭ, ಅಗ್ಗ. ಮೊಲದ ಆಹಾರದಲ್ಲಿ ನೂರಕ್ಕೆ ಎಂಬತ್ತು ಪಾಲು ಹುಲ್ಲು, ಒಣಹುಲ್ಲು ಇರಬೇಕು. ಹಗಲೂ ರಾತ್ರಿಯೂ ಗೂಡಿನಲ್ಲಿ ಇರಬೇಕು. ನಮ್ಮ ಹೊಲದ ಬದುವಿನಲ್ಲಿ ಬೆಳೆಯುವ ಗರಿಕೆ ಉತ್ತಮ ಮೇವು. ಹಸಿಯಾಗಿಯೂ ಕೊಡಬಹುದು, ನೆರಳಿನಲ್ಲಿ ಒಣಗಿಸಿ ಮಳೆಗಾಲಕ್ಕೆ ಕಟ್ಟಿಡಲೂಬಹುದು. ಚೆನ್ನಾಗಿ ಬಲಿತು ಒಣಗಿದ ಜೋಳದ ಕಣಕಿಯ ಎಲೆ ಕೊಡಬಹುದು. ಎಳೆಯ ಜೋಳದ ಪೈರಿನಲ್ಲಿ ವಿಷವಿರುವುದು ರೈತರಿಗೆ ಗೊತ್ತೇ ಇದೆ, ಅದನ್ನು ಮುಟ್ಟಿಸಬೇಡಿ. ಶೇಂಗಾ ಬಳ್ಳಿ ಮೊಲಕ್ಕೆ ಇಷ್ಟ, ಆದರೆ ಅದರಲ್ಲಿ ಸುಣ್ಣದಂಶ ಹೆಚ್ಚಿರುವುದರಿಂದ ಬೆಳೆದ ಮೊಲಕ್ಕೆ ಆಗೊಮ್ಮೆ ಈಗೊಮ್ಮೆ ಹಿಡಿಯಷ್ಟು ಸಾಕು. ಬೂಸು ಹಿಡಿದ ಮೇವು ಬೇಡ. ಗದ್ವಾಲ್ ಕಡೆಯ ಹತ್ತಿಬೀಜದ ಹೊಲಗಳ ಬದುವಿನ ಹುಲ್ಲನ್ನು, ಔಷಧ ಸಿಂಪಡಿಸಿದ ಕಾಲದಲ್ಲಿ, ತರಲೇಬಾರದು.

ಗುಳಿಗೆ ಆಹಾರ ಮೊಲದ ಒಂದು ಕಿಲೋ ತೂಕಕ್ಕೆ ದಿನಕ್ಕೆ 25 ಗ್ರಾಂ ಮೀರದಿರಲಿ. ಗಜ್ಜರಿ ವಾರಕ್ಕೆ ಒಂದೆರಡು ತುಂಡು. ಬಿಸ್ಕೀಟು, ಅನ್ನ, ಮಂಡಕ್ಕಿ ಬೇಡ. ಇದುವರೆಗೆ ಇವನ್ನೇ ತಿನ್ನುತ್ತಿದ್ದ ಮೊಲಕ್ಕೆ ಒಮ್ಮೆಲೇ ಬದಲಿಸದೆ ಎರಡು-ಮೂರು ವಾರ ತೆಗೆದುಕೊಂಡು ಹುಲ್ಲು ಹೆಚ್ಚಿಸಿ. ಬೆಳಗಿನ ಎಳೆಬಿಸಿಲಿನಲ್ಲಿ ಸ್ವಲ್ಪ ಹೊತ್ತು ಅಂಗಳದಲ್ಲಿ ಬಿಡಿ; ಮೂಳೆ, ಹಲ್ಲು ಗಟ್ಟಿಯಾಗಲು ಬೇಕಾದ ಜೀವಸತ್ವ ಬಿಸಿಲಿನಿಂದ ಸಿಗುತ್ತದೆ.

ಹೊಲದಲ್ಲಿ ಸಿಕ್ಕ ಕಾಡುಮೊಲದ ಮರಿಯನ್ನು ಹಿಡಿದು ತರುವ ಹುಡುಗರಿಗೂ ಒಂದು ಮಾತು ಹೇಳಬೇಕು. ಅದು ಸಾಕು ಮೊಲವಲ್ಲ, ಬೇರೆ ಜಾತಿ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಂತೆ ಅದನ್ನು ಹಿಡಿಯುವುದು ಅಪರಾಧ. ಅದನ್ನು ಇದ್ದಲ್ಲೇ ಬಿಡಿ. ತಾಯಿ ಬಂದು ಹಾಲೂಡುತ್ತದೆ.

ಹೊಸದಾಗಿ ಮೊಲ ತರಬೇಕೆಂದಿರುವವರು ಮಾರುವವನ ಎದುರಿನಲ್ಲೇ ತುಟಿ ಎತ್ತಿ ಹಲ್ಲು ನೋಡಿ, ಗದ್ದ ಮುಟ್ಟಿ ನೋಡಿ. ಎಂಟು-ಹತ್ತು ವರ್ಷ ದಿನವೂ ಹುಲ್ಲು ತರುವವರು ಮನೆಯಲ್ಲಿ ಯಾರು ಎಂಬುದನ್ನು ಅದಕ್ಕೂ ಮೊದಲೇ ಮಾತಾಡಿಕೊಳ್ಳಿ. ಈಗಾಗಲೇ ಮೊಲ ಇದ್ದವರು ಈ ವಾರವೇ ಒಮ್ಮೆ ತೂಗಿ ಬರೆದಿಡಿ. ಬಾಯಿ ಬಿಟ್ಟು ಹೇಳಲಾರದ ಪ್ರಾಣಿಯ ಮಾತನ್ನು ತಟ್ಟೆ, ಹಿಕ್ಕೆ, ತಕ್ಕಡಿ ಮೂರೂ ಹೇಳುತ್ತವೆ.